ಗಣಕೀಕೃತ ಉತಾರ ಮತ್ತು ಟನಲ್ ಜಂಕ್ಷನ್: ಆಕ್ಸೈಡ್ ಪದರಗಳ ಸಂಧಿತಲದ ಅವ್ಯವಸ್ಥೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲ್ಲೂಕುಗಳ ಸಾರ್ವಜನಿಕರು ಬೆಳೆಸಾಲ, ವಾರಸಾ ನೋಂದಣಿ, ಪಂಪ್‌ಸೆಟ್‌ಗೆ ವಿದ್ಯುತ್ ಸಂಪರ್ಕ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ಸಾಮಾನ್ಯವಾಗಿ ಮೊದಲು ಲಗತ್ತಿಸುವ ದಾಖಲೆ ಪಹಣಿ ಪತ್ರಿಕೆ, ಅಂದರೆ ಈ ಭಾಗದ ಮಾತಿನಲ್ಲಿ ಉತಾರ. 2000ರ ದಶಕದ ಆರಂಭದವರೆಗೆ ಉತಾರವು ತಲಾಠಿಯವರ ವಹಿಯಲ್ಲಿ ಕೈಬರಹದಲ್ಲಿರುತ್ತಿತ್ತು. 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡು, ತಾಲ್ಲೂಕುವಾರು ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡಿತು.

ಮುದ್ರಿತ ಉತಾರದಲ್ಲಿ ಹೆಸರು ಬದಲಾಗಿರುವುದನ್ನು, ಅಥವಾ 2 ಎಕರೆ 20 ಗುಂಟೆ ಇರಬೇಕಾದಲ್ಲಿ 2 ಎಕರೆ 2 ಗುಂಟೆ ಇರುವುದನ್ನು ಕಂಡ ಖಾತೆದಾರರಿಗೆ ಕೆಲವೊಮ್ಮೆ ದೊರೆಯುವ ಉತ್ತರ "ಅದು ಕಂಪ್ಯೂಟರ್ ಮಾಡಿದ ತಪ್ಪು" ಎಂಬುದಾಗಿರುತ್ತದೆ. ಯಂತ್ರವು ಇಂತಹ ತಪ್ಪು ಮಾಡಬಲ್ಲದೇ? ಈ ಪ್ರಶ್ನೆಗೆ ಉತ್ತರಿಸಬೇಕಾದರೆ ದಾಖಲೆಯನ್ನು ಓದುವ ಅತಿಸಣ್ಣ ಸಾಧನವನ್ನು, ಅದರೊಳಗಿನ ಕೆಲವೇ ಪರಮಾಣುಗಳಷ್ಟು ದಪ್ಪದ ಆಕ್ಸೈಡ್ ಪದರವನ್ನು, ಆ ಪದರದ ಎರಡು ಅಂಚುಗಳಲ್ಲಿ ಉಂಟಾಗುವ ಅವ್ಯವಸ್ಥೆಯನ್ನು ತಿಳಿಯಬೇಕಾಗುತ್ತದೆ. ವಿಷಯ ಭೌತಶಾಸ್ತ್ರದ್ದು. ಆದರೂ ಜಮೀನಿನ ದಾಖಲೆ ಉಳ್ಳವರೆಲ್ಲರಿಗೂ ಸಂಬಂಧಿಸಿದ್ದಾದುದರಿಂದ ಇಲ್ಲಿ ತುಸು ವಿಸ್ತಾರವಾಗಿಯೇ ವಿವರಿಸಲಾಗಿದೆ.

ದಾಖಲೆ ಎಲ್ಲಿ ಇರುತ್ತದೆ?

ಗಣಕಯಂತ್ರದಲ್ಲಿ ಅಕ್ಷರಗಳು 0 ಮತ್ತು 1 ಎಂಬ ಎರಡೇ ಗುರುತುಗಳಾಗಿ ಸಂಗ್ರಹವಾಗುತ್ತವೆ. ಹಾರ್ಡ್ ಡಿಸ್ಕ್‌ನಲ್ಲಿ ಈ ಗುರುತುಗಳು ತಿರುಗುವ ತಟ್ಟೆಯ ಮೇಲಿನ ಅತಿಸಣ್ಣ ಕಾಂತೀಯ ವಲಯಗಳಾಗಿರುತ್ತವೆ. ದೊಡ್ಡ ಪ್ರಮಾಣದ ದತ್ತಾಂಶವನ್ನು ಇರಿಸುವ ಕೇಂದ್ರಗಳಲ್ಲಿ ಇಂದಿಗೂ ಹಾರ್ಡ್ ಡಿಸ್ಕ್ ವ್ಯಾಪಕ ಬಳಕೆಯಲ್ಲಿದೆ. ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ 'ರೀಡ್ ಹೆಡ್' ಎಂಬ ಭಾಗವು ಪ್ರತಿಯೊಂದು ವಲಯದ ಕಾಂತೀಯ ದಿಕ್ಕನ್ನು ಗ್ರಹಿಸಿ ಅದನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. (ಒಂದು ಮಿಲಿಮೀಟರ್‌ನಲ್ಲಿ 10 ಲಕ್ಷ ನ್ಯಾನೋಮೀಟರ್‌ಗಳಿರುತ್ತವೆ. ತಲೆಗೂದಲಿನ ದಪ್ಪ ಸುಮಾರು 70,000ದಿಂದ 1,00,000 ನ್ಯಾನೋಮೀಟರ್.)

'ಭೂಮಿ' ಯೋಜನೆ ಆರಂಭವಾದ ಕಾಲದ ಡಿಸ್ಕ್‌ಗಳ ಹೆಡ್‌ನಲ್ಲಿ ಲೋಹದ ಪದರಗಳು ಮಾತ್ರ ಇರುತ್ತಿದ್ದವು. ಆ ತತ್ತ್ವವನ್ನು ಕಂಡುಹಿಡಿದ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಅವರಿಗೆ 2007ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. 2004-05ರ ನಂತರ ಮಾರುಕಟ್ಟೆಗೆ ಬಂದ ಡಿಸ್ಕ್‌ಗಳಲ್ಲಿ ಆ ಸ್ಥಾನವನ್ನು ಕ್ರಮೇಣ ಕಾಂತೀಯ ಟನಲ್ ಜಂಕ್ಷನ್ ಪಡೆದುಕೊಂಡಿತು. ಎರಡು ಕಾಂತೀಯ ಲೋಹಗಳ ನಡುವೆ ವಿದ್ಯುತ್ತನ್ನು ತಡೆಯುವ ಆಕ್ಸೈಡ್‌ನ ತೆಳು ಪದರವೊಂದನ್ನು ಇರಿಸಿದರೆ ಅದೇ ಟನಲ್ ಜಂಕ್ಷನ್.

ತಡೆಯನ್ನು ಎಲೆಕ್ಟ್ರಾನ್ ಹೇಗೆ ದಾಟುತ್ತದೆ?

ಹೊಲದ ನೀರು ಒಡ್ಡಿನ ನೆತ್ತಿಯನ್ನು ಮುಟ್ಟದ ಹೊರತು ಆಚೆ ಹರಿಯುವುದಿಲ್ಲ. ಎಲೆಕ್ಟ್ರಾನ್‌ನ ನಡೆ ಬೇರೆ. ಅದು ಅಲೆಯ ಗುಣವನ್ನೂ ಹೊಂದಿರುವುದರಿಂದ, ತಡೆಯು ಸಾಕಷ್ಟು ತೆಳುವಾಗಿದ್ದರೆ ಏರುವಷ್ಟು ಶಕ್ತಿ ಇಲ್ಲದಿದ್ದರೂ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುವ ಸಂಭವವಿರುತ್ತದೆ. ಇದಕ್ಕೆ ಟನಲಿಂಗ್ ಎನ್ನುತ್ತಾರೆ. ತಡೆಯ ದಪ್ಪ ಹೆಚ್ಚಿದಂತೆ ಈ ಸಂಭವವು ಅತಿ ವೇಗವಾಗಿ ಕುಗ್ಗುತ್ತದೆ. ಜಂಕ್ಷನ್‌ಗಳಲ್ಲಿ ಬಳಸುವ ಆಕ್ಸೈಡ್‌ಗಳಲ್ಲಿ ದಪ್ಪವು ಕೇವಲ 0.1 ನ್ಯಾನೋಮೀಟರ್ ಹೆಚ್ಚಾದರೂ ಪ್ರವಾಹವು ಎರಡು-ಮೂರು ಪಟ್ಟು ಇಳಿಯುತ್ತದೆ. ಈ 0.1 ನ್ಯಾನೋಮೀಟರ್ ಒಂದು ಪರಮಾಣುವಿನ ಅಡ್ಡಳತೆಗಿಂತಲೂ ಕಡಿಮೆ ಎಂಬುದನ್ನು ಗಮನಿಸಬೇಕು.

ಆದುದರಿಂದ ಪದರದ ಸರಾಸರಿ ದಪ್ಪ ಎಷ್ಟೆಂದು ತಿಳಿದರೆ ಸಾಲದು. ಒಂದೆರಡು ಪರಮಾಣುಗಳಷ್ಟು ತೆಳುವಾದ ಜಾಗವಿದ್ದರೆ ಪ್ರವಾಹದ ಬಹುಪಾಲು ಅಲ್ಲಿಂದಲೇ ಸಾಗುತ್ತದೆ. ಎರೆಹೊಲದ ಒಡ್ಡನ್ನು ಎಷ್ಟೇ ಎತ್ತರಕ್ಕೆ ಏರಿಸಿದ್ದರೂ ಇಲಿ ತೋಡಿದ ಒಂದು ಬಿಲವಿದ್ದರೆ ಇಡೀ ಹೊಲದ ನೀರು ಅದರಿಂದಲೇ ಹೋಗುವುದನ್ನು ಈ ಭಾಗದ ರೈತರು ಬಲ್ಲರು.

ಎಲೆಕ್ಟ್ರಾನ್‌ಗೆ ಸ್ಪಿನ್ ಎಂಬ ಇನ್ನೊಂದು ಗುಣವಿದೆ. ಅದನ್ನು ಸ್ಥೂಲವಾಗಿ ಮೇಲ್ಮುಖ ಅಥವಾ ಕೆಳಮುಖ ಎಂದು ಭಾವಿಸಬಹುದು. ಕಬ್ಬಿಣ, ಕೋಬಾಲ್ಟ್‌ನಂತಹ ಕಾಂತೀಯ ಲೋಹಗಳಲ್ಲಿ ಎರಡೂ ಬಗೆಯ ಎಲೆಕ್ಟ್ರಾನ್‌ಗಳು ಸಮವಾಗಿ ಹಂಚಿರುವುದಿಲ್ಲ. ಆಕ್ಸೈಡ್‌ನ ಎರಡೂ ಬದಿಯ ಲೋಹಗಳು ಒಂದೇ ದಿಕ್ಕಿಗೆ ಕಾಂತೀಕರಣಗೊಂಡಿದ್ದರೆ ಎಲೆಕ್ಟ್ರಾನ್‌ಗಳು ಸುಲಭವಾಗಿ ದಾಟುತ್ತವೆ, ವಿರುದ್ಧ ದಿಕ್ಕಿನಲ್ಲಿದ್ದರೆ ಕಷ್ಟದಿಂದ ದಾಟುತ್ತವೆ. ಡಿಸ್ಕ್‌ನ ಮೇಲಿನ ಗುರುತು ಒಂದು ಬದಿಯ ಲೋಹದ ದಿಕ್ಕನ್ನು ತುಸು ಹೊರಳಿಸುತ್ತದೆ. ಅದರಿಂದ ವಿದ್ಯುತ್ ರೋಧದಲ್ಲಿ ಆಗುವ ಬದಲಾವಣೆಯೇ ಓದಿದ ಅಕ್ಷರ. ಬದಲಾವಣೆ ದೊಡ್ಡದಾದಷ್ಟೂ ಓದು ಸ್ಪಷ್ಟ.

ಇಪ್ಪತ್ತು ವರ್ಷಗಳ ವಿಳಂಬ ಮತ್ತು ಕನ್ನಡನಾಡಿನ ನಂಟು

ಈ ಪರಿಣಾಮವನ್ನು ಫ್ರಾನ್ಸಿನ ಮಿಷೆಲ್ ಜೂಲಿಯೇರ್ ಅವರು 1975ರಲ್ಲಿಯೇ ವರದಿ ಮಾಡಿದ್ದರು. ಕಬ್ಬಿಣ ಮತ್ತು ಕೋಬಾಲ್ಟ್ ನಡುವೆ ಜರ್ಮೇನಿಯಂ ಪದರವನ್ನಿರಿಸಿ, ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಅವರು ಸುಮಾರು ಶೇ. 14ರಷ್ಟು ಬದಲಾವಣೆಯನ್ನು ಕಂಡರು. ಸಿದ್ಧಾಂತ ಸರಳವಾಗಿತ್ತು, ಸಾಮಗ್ರಿಗಳು ಲಭ್ಯವಿದ್ದವು. ಆದರೂ ಸಾಮಾನ್ಯ ಕೊಠಡಿಯ ಉಷ್ಣತೆಯಲ್ಲಿ ಉಪಯೋಗಕ್ಕೆ ಬರುವಷ್ಟು ದೊಡ್ಡ ಪರಿಣಾಮ ದೊರೆಯಲು 1995ರವರೆಗೆ ಕಾಯಬೇಕಾಯಿತು. ಈ ಇಪ್ಪತ್ತು ವರ್ಷಗಳ ವಿಳಂಬಕ್ಕೆ ಮುಖ್ಯ ಕಾರಣ ಸಂಧಿತಲವೇ. ಒಂದು ಪದರ ಮುಗಿದು ಇನ್ನೊಂದು ಪದರ ಆರಂಭವಾಗುವ ಮೇಲ್ಮೈಯನ್ನು ಈ ಪುಟದಲ್ಲಿ ಸಂಧಿತಲ ಎಂದು ಕರೆಯಲಾಗಿದೆ.

1995ರಲ್ಲಿ ಯಶಸ್ಸು ಸಾಧಿಸಿದ ಎರಡು ತಂಡಗಳಲ್ಲಿ ಒಂದರ ಮುಂದಾಳು ಜಗದೀಶ್ ಮೂಡೇರ ಅವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಮದ್ರಾಸಿನ ಐಐಟಿಯಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ಎಂಐಟಿ ಸಂಸ್ಥೆಯನ್ನು ಸೇರಿದವರು ಅವರು. ಕೋಬಾಲ್ಟ್-ಕಬ್ಬಿಣದ ಮಿಶ್ರಲೋಹ, ಅಲ್ಯೂಮಿನಿಯಂ ಆಕ್ಸೈಡ್ ಮತ್ತು ಕೋಬಾಲ್ಟ್ ಪದರಗಳಿಂದ ಅವರ ತಂಡ ರಚಿಸಿದ ಜಂಕ್ಷನ್ ಕೊಠಡಿಯ ಉಷ್ಣತೆಯಲ್ಲಿ ಶೇ. 11.8ರಷ್ಟು ಬದಲಾವಣೆ ತೋರಿತು. ಅದೇ ವರ್ಷ ಜಪಾನಿನ ತೆರುನೊಬು ಮಿಯಾಝಾಕಿ ಅವರ ತಂಡವೂ ಸ್ವತಂತ್ರವಾಗಿ ಇಂತಹದೇ ಫಲಿತಾಂಶವನ್ನು ಪ್ರಕಟಿಸಿತು. 2009ರಲ್ಲಿ ಅಮೆರಿಕದ ಭೌತಶಾಸ್ತ್ರ ಸಂಘದ ಬಕ್ಲಿ ಪ್ರಶಸ್ತಿಯು ಇವರಿಬ್ಬರಿಗೂ, ಸ್ಪಿನ್ ಟನಲಿಂಗ್‌ಗೆ ತಳಹದಿ ಹಾಕಿದ ರಾಬರ್ಟ್ ಮೆಸರ್ವಿ ಮತ್ತು ಪಾಲ್ ಟೆಡ್ರೋ ಅವರಿಗೂ ಒಟ್ಟಾಗಿ ಸಂದಿತು.

ಮೂಡೇರ ಅವರ ತಂಡ ಹೊಸ ಧಾತುವನ್ನಾಗಲಿ ಹೊಸ ಸಿದ್ಧಾಂತವನ್ನಾಗಲಿ ತಂದಿರಲಿಲ್ಲ. ಲೋಹವು ಗುಡ್ಡೆಗುಡ್ಡೆಯಾಗಿ ಕೂಡದಂತೆ ತಳವನ್ನು ದ್ರವ ಸಾರಜನಕದಿಂದ ತಂಪಾಗಿಸಿ, ಮೊದಲು ಸಿಲಿಕಾನ್‌ನ ತೆಳು ಲೇಪ ಕೊಟ್ಟು, ಅದರ ಮೇಲೆ ಲೋಹವನ್ನು ನುಣುಪಾಗಿ ಹರಡಿದರು. ಬಳಿಕ ಅಲ್ಯೂಮಿನಿಯಂ ಪದರವನ್ನು ಆಮ್ಲಜನಕದ ಪ್ಲಾಸ್ಮಾದಲ್ಲಿ ಹದವಾಗಿ ಆಕ್ಸೈಡ್ ಆಗಿ ಮಾರ್ಪಡಿಸಿದರು. ಬಿತ್ತುವ ಮೊದಲು ಹೊಲವನ್ನು ಹಸನು ಮಾಡುವಂತಹ ಕೆಲಸವಿದು.

ಅವ್ಯವಸ್ಥೆಯ ಬಗೆಗಳು

'ಹದವಾಗಿ' ಎಂಬ ಮಾತನ್ನು ವಿವರಿಸುವುದು ಅಗತ್ಯ. ಅಲ್ಯೂಮಿನಿಯಂಗೆ ಆಮ್ಲಜನಕ ಸಾಲದೆ ಹೋದರೆ ಪದರದ ತಳದಲ್ಲಿ ಲೋಹ ಹಾಗೆಯೇ ಉಳಿಯುತ್ತದೆ. ಕಾಂತೀಯವಲ್ಲದ ಆ ಲೋಹದ ಮೂಲಕ ಹಾದುಬರುವ ಎಲೆಕ್ಟ್ರಾನ್ ತನ್ನ ಸ್ಪಿನ್ ಗುರುತನ್ನು ಕಳೆದುಕೊಳ್ಳುತ್ತದೆ. ಆಮ್ಲಜನಕ ಹೆಚ್ಚಾದರೆ ಅದು ಅಲ್ಯೂಮಿನಿಯಂ ದಾಟಿ ಕೆಳಗಿನ ಕೋಬಾಲ್ಟ್ ಅಥವಾ ಕಬ್ಬಿಣವನ್ನು ಹಿಡಿಯುತ್ತದೆ. ಇದು ಅಕ್ಷರಶಃ ತುಕ್ಕು. ಮನೆಯ ಹಿತ್ತಿಲಲ್ಲಿ ಇಟ್ಟ ಕುಡಗೋಲಿಗೆ ಹಿಡಿಯುವ ತುಕ್ಕೇ ಇಲ್ಲಿ ಒಂದೆರಡು ಪರಮಾಣುಗಳ ದಪ್ಪಕ್ಕೆ ಹಿಡಿದಿರುತ್ತದೆ. ತುಕ್ಕಿನೊಳಗೆ ಸಿಲುಕಿದ ಕಾಂತೀಯ ಪರಮಾಣುಗಳು ತಮ್ಮಷ್ಟಕ್ಕೆ ಅಲುಗಾಡುತ್ತ, ದಾಟುತ್ತಿರುವ ಎಲೆಕ್ಟ್ರಾನ್‌ನ ಸ್ಪಿನ್ನನ್ನು ಹೊರಳಿಸಿಬಿಡುತ್ತವೆ. ಸರಿಯಾದ ಹದವು ಈ ಎರಡರ ನಡುವಿನ ಕಿರಿದಾದ ಅವಕಾಶದಲ್ಲಿದೆ.

ಎರಡನೆಯದು ಒರಟುತನ. ಸಂಧಿತಲವು ಅಲೆಅಲೆಯಾಗಿದ್ದರೆ ಮೇಲೆ ಹೇಳಿದಂತೆ ತೆಳು ಜಾಗಗಳಲ್ಲಿ ಪ್ರವಾಹ ನುಗ್ಗುತ್ತದೆ. ಅದಲ್ಲದೆ ಉಬ್ಬುತಗ್ಗುಗಳ ಅಂಚಿನಲ್ಲಿ ಕಾಂತೀಯ ಧ್ರುವಗಳು ಮೂಡಿ ಎರಡು ಬದಿಯ ಲೋಹಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ. ಆಗ ಸ್ವತಂತ್ರವಾಗಿ ಹೊರಳಬೇಕಾದ ಪದರವು ಡಿಸ್ಕ್‌ನ ಗುರುತಿಗೆ ಓಗೊಡುವ ಬದಲು ಎದುರಿನ ಪದರವನ್ನು ಅನುಸರಿಸುತ್ತದೆ. ಕಿತ್ತಳೆ ಸಿಪ್ಪೆಯ ಮೈಯನ್ನು ಹೋಲುವ ಕಾರಣ ತಜ್ಞರು ಇದನ್ನು 'ಕಿತ್ತಳೆ ಸಿಪ್ಪೆ' ಜೋಡಣೆ ಎಂದೇ ಕರೆಯುತ್ತಾರೆ. ಒರಟುತನ ಇನ್ನೂ ಹೆಚ್ಚಿ ಎರಡು ಲೋಹಗಳು ಒಂದು ಬಿಂದುವಿನಲ್ಲಿ ನೇರವಾಗಿ ತಾಗಿದರೆ ಅದು ಸೂಜಿರಂಧ್ರ. ಇದೇ ಒಡ್ಡಿನಲ್ಲಿರುವ ಇಲಿಬಿಲ. ಅಲ್ಲಿ ಟನಲಿಂಗ್ ನಡೆಯುವುದಿಲ್ಲ, ಬರಿಯ ಸೋರಿಕೆ ನಡೆಯುತ್ತದೆ.

ಮೂರನೆಯದು ಬೇರೆ ಧಾತುಗಳ ಬೆರಕೆ. 2000ದ ಸುಮಾರಿಗೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನ ಸಂಶೋಧಕರು ಕೋಬಾಲ್ಟ್ ಮತ್ತು ಆಕ್ಸೈಡ್ ನಡುವಿನ ಸಂಧಿತಲದಲ್ಲಿ ಬೇಕೆಂದೇ ಕ್ರೋಮಿಯಂ ಸಿಂಪಡಿಸಿ ನೋಡಿದರು. ಒಂದೆರಡು ಪರಮಾಣುಗಳ ದಪ್ಪಕ್ಕೇ ಪರಿಣಾಮ ತೀವ್ರವಾಗಿ ಕುಸಿಯಿತು. ಹಿಂದಿನ ಕೋಬಾಲ್ಟ್ ಎಷ್ಟೇ ಶುದ್ಧವಾಗಿದ್ದರೂ ಪ್ರಯೋಜನವಾಗಲಿಲ್ಲ. ಟನಲ್ ಜಂಕ್ಷನ್‌ನಲ್ಲಿ ಲೋಹದ ಗುಣವೆಂದರೆ ಆಕ್ಸೈಡ್‌ಗೆ ತಾಗಿದ ಕೊನೆಯ ಒಂದೆರಡು ಪರಮಾಣು ಸಾಲುಗಳ ಗುಣವೇ ಎಂಬುದು ಇದರಿಂದ ಸ್ಪಷ್ಟವಾಯಿತು. ಇಂದಿನ ರೀಡ್ ಹೆಡ್‌ಗಳನ್ನು ತಯಾರಿಸುವಾಗಲೂ ಕಾಯಿಸುವ ಹಂತದಲ್ಲಿ ಉಷ್ಣತೆ ಮಿತಿಮೀರಿದರೆ ಪಕ್ಕದ ಪದರದ ಮ್ಯಾಂಗನೀಸ್ ಸಂಧಿತಲಕ್ಕೆ ಹರಿದುಬಂದು ಇಂತಹದೇ ಹಾನಿ ಮಾಡುತ್ತದೆ.

ಮೆಗ್ನೀಸಿಯಂ ಆಕ್ಸೈಡ್ ಮತ್ತು ಜಮಖಾನೆಯ ಎಳೆಗಳು

ಅಲ್ಯೂಮಿನಿಯಂ ಆಕ್ಸೈಡ್‌ನಲ್ಲಿ ಪರಮಾಣುಗಳು ಗೊತ್ತಾದ ಸಾಲುಗಳಿಲ್ಲದೆ ಕಲೆಸಿಕೊಂಡಿರುತ್ತವೆ. ಅದರ ಬದಲು ಸಾಲುಗಟ್ಟಿದ ಸ್ಫಟಿಕರೂಪದ ಮೆಗ್ನೀಸಿಯಂ ಆಕ್ಸೈಡ್ ಬಳಸಿದರೆ ಪರಿಣಾಮವು ಹಲವು ಪಟ್ಟು ಹೆಚ್ಚುವುದೆಂದು 2001ರಲ್ಲಿ ಎರಡು ಸೈದ್ಧಾಂತಿಕ ತಂಡಗಳು ಲೆಕ್ಕಹಾಕಿದವು. ಸಾಲು ಕೆಡದ ಸ್ಫಟಿಕವು ಎಲೆಕ್ಟ್ರಾನ್ ಅಲೆಗಳನ್ನು ಜರಡಿಯಂತೆ ಸೋಸಿ ಒಂದೇ ಬಗೆಯ ಅಲೆಯನ್ನು ಹೆಚ್ಚಾಗಿ ಬಿಡುತ್ತದೆ. 2004ರಲ್ಲಿ ಜಪಾನಿನ ಶಿಂಜಿ ಯುವಾಸಾ ಮತ್ತು ಅಮೆರಿಕದ ಐಬಿಎಂನ ಸ್ಟುವರ್ಟ್ ಪಾರ್ಕಿನ್ ಅವರ ತಂಡಗಳು ಕೊಠಡಿಯ ಉಷ್ಣತೆಯಲ್ಲಿ ಕ್ರಮವಾಗಿ ಸುಮಾರು ಶೇ. 180 ಮತ್ತು ಶೇ. 220ರಷ್ಟು ಬದಲಾವಣೆಯನ್ನು ಪ್ರಕಟಿಸಿದವು. 2008ರಲ್ಲಿ ಜಪಾನಿನಲ್ಲಿ ಅದು ಶೇ. 604ಕ್ಕೆ ಮುಟ್ಟಿತು. 1995ರ ಶೇ. 11.8ರೊಂದಿಗೆ ಇದನ್ನು ಹೋಲಿಸಿ ನೋಡಬಹುದು.

ಇಲ್ಲಿಯೂ ತೊಡಕು ಇದ್ದುದು ಸಂಧಿತಲದಲ್ಲಿಯೇ. ಕಬ್ಬಿಣದ ಪರಮಾಣು ಸಾಲುಗಳ ಅಂತರಕ್ಕೂ ಮೆಗ್ನೀಸಿಯಂ ಆಕ್ಸೈಡ್‌ನ ಸಾಲುಗಳ ಅಂತರಕ್ಕೂ ಸುಮಾರು ಶೇ. 4ರಷ್ಟು ವ್ಯತ್ಯಾಸವಿದೆ. ನವಲಗುಂದದ ಜಮಖಾನೆಯನ್ನು ಬಲ್ಲವರಿಗೆ ಇದನ್ನು ಹೀಗೆ ವಿವರಿಸಬಹುದು. ಒಂದೇ ಅಗಲದಲ್ಲಿ ಒಂದಕ್ಕೆ 25 ಎಳೆ, ಇನ್ನೊಂದಕ್ಕೆ 26 ಎಳೆ ಇರುವ ಎರಡು ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದರೆ, ಪ್ರತಿ 26ನೆಯ ಎಳೆಗೆ ಜೊತೆ ಸಿಗದೆ ಅಲ್ಲೊಂದು ಸುಕ್ಕು ಏಳುತ್ತದೆ. ಪರಮಾಣು ಸಾಲುಗಳಲ್ಲಿ ಏಳುವ ಇಂತಹ ಸುಕ್ಕು ಎಲೆಕ್ಟ್ರಾನ್ ಅಲೆಯನ್ನು ಚದರಿಸುತ್ತದೆ. ಆಗ ಜರಡಿಯ ಕೆಲಸ ಕೆಡುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರ ಜಾಣ್ಮೆಯದು. ಕೋಬಾಲ್ಟ್-ಕಬ್ಬಿಣಕ್ಕೆ ಬೋರಾನ್ ಬೆರೆಸಿ, ಸಾಲುಗಳೇ ಇಲ್ಲದ ಗಾಜಿನಂತಹ ಮೆತ್ತನೆಯ ಸ್ಥಿತಿಯಲ್ಲಿ ಹರಡುತ್ತಾರೆ. ಅದರ ಮೇಲೆ ಮೆಗ್ನೀಸಿಯಂ ಆಕ್ಸೈಡ್ ತನ್ನ ಸಾಲುಗಳನ್ನು ನಿರಾತಂಕವಾಗಿ ಕಟ್ಟಿಕೊಳ್ಳುತ್ತದೆ. ಬಳಿಕ ಕಾಯಿಸಿದಾಗ ಬೋರಾನ್ ಹೊರಸರಿದು, ಲೋಹವು ಆಕ್ಸೈಡ್‌ನ ಸಾಲುಗಳನ್ನೇ ಅಚ್ಚಾಗಿ ಹಿಡಿದು ಸ್ಫಟಿಕವಾಗುತ್ತದೆ. ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಹೆಡ್‌ಗಳನ್ನು ತಯಾರಿಸಲು ಸಾಧ್ಯವಾದುದು ಈ ಕ್ರಮದಿಂದಲೇ. ರೀಡ್ ಹೆಡ್‌ನಲ್ಲಿರುವ ಆಕ್ಸೈಡ್ ಪದರದ ದಪ್ಪ ಸುಮಾರು ಒಂದು ನ್ಯಾನೋಮೀಟರ್, ಅಂದರೆ ನಾಲ್ಕೈದು ಪರಮಾಣು ಸಾಲುಗಳು ಮಾತ್ರ. ಇಷ್ಟರಲ್ಲಿ ಮೇಲಿನ ಸಂಧಿತಲವೂ ಕೆಳಗಿನ ಸಂಧಿತಲವೂ ಅಡಗಿರುವುದರಿಂದ 'ನಡುಭಾಗ' ಎಂದು ಹೇಳಬಹುದಾದದ್ದು ಬಹಳ ಕಡಿಮೆ.

ಲೋಹದ ಬದಲು ಆಕ್ಸೈಡ್ ಕಾಂತಗಳು

ತಡೆಯಷ್ಟೇ ಅಲ್ಲದೆ ಎರಡು ಬದಿಯ ಕಾಂತಗಳೂ ಆಕ್ಸೈಡ್ ಆದರೆ ಹೇಗೆ? ಲ್ಯಾಂಥನಮ್, ಸ್ಟ್ರಾನ್ಷಿಯಂ ಮತ್ತು ಮ್ಯಾಂಗನೀಸ್ ಸೇರಿದ ಮ್ಯಾಂಗನೈಟ್ ಎಂಬ ಆಕ್ಸೈಡ್‌ಗಳಲ್ಲಿ ಅತಿಶೀತದಲ್ಲಿ ಹೆಚ್ಚುಕಡಿಮೆ ಎಲ್ಲ ವಾಹಕ ಎಲೆಕ್ಟ್ರಾನ್‌ಗಳ ಸ್ಪಿನ್ ಒಂದೇ ಕಡೆಗಿರುತ್ತದೆ. ಜಂಕ್ಷನ್‌ಗೆ ಇದಕ್ಕಿಂತ ಉತ್ತಮ ಸಾಮಗ್ರಿ ಬೇಕಿಲ್ಲ ಎಂದು ತೋರುವುದು ಸಹಜ. ಈ ವಸ್ತುಗಳ ರಸಾಯನಶಾಸ್ತ್ರದಲ್ಲಿ ಬೆಂಗಳೂರು ಲೋಕವಿಖ್ಯಾತ ಕೇಂದ್ರ. ಭಾರತರತ್ನ ಪ್ರೊ. ಸಿ. ಎನ್. ಆರ್. ರಾವ್ ಅವರು ಮತ್ತು ಅವರ ಸಹೋದ್ಯೋಗಿಗಳು ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ಮ್ಯಾಂಗನೈಟ್‌ಗಳ ಕಾಂತೀಯ ರೋಧದ ಬಗ್ಗೆ ವಿಪುಲವಾದ ಅಧ್ಯಯನ ನಡೆಸಿದರು.

2003ರಲ್ಲಿ ಫ್ರಾನ್ಸಿನ ತಂಡವೊಂದು ಮ್ಯಾಂಗನೈಟ್ ಜಂಕ್ಷನ್‌ನಲ್ಲಿ, 4 ಕೆಲ್ವಿನ್ ಶೀತದಲ್ಲಿ, ಶೇ. 1,800ಕ್ಕೂ ಹೆಚ್ಚಿನ ಬದಲಾವಣೆಯನ್ನು ಅಳೆಯಿತು. ಆದರೆ ಉಷ್ಣತೆ ಏರಿದಂತೆ ಅದು ಕರಗುತ್ತ ಬಂದು ಕೊಠಡಿಯ ಉಷ್ಣತೆಯನ್ನು ಮುಟ್ಟುವ ಮೊದಲೇ ಇಲ್ಲವಾಯಿತು. ಗಟ್ಟಿಯ ರೂಪದಲ್ಲಿ ಇದೇ ಮ್ಯಾಂಗನೈಟ್ ಸುಮಾರು 360 ಕೆಲ್ವಿನ್‌ವರೆಗೆ, ಅಂದರೆ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಂತವಾಗಿಯೇ ಇರುತ್ತದೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಸಂಧಿತಲದಲ್ಲಿ ಹುಡುಕಬೇಕು. ಮ್ಯಾಂಗನೈಟ್‌ನ ಕಾಂತಗುಣವು ಎರಡು ಬಗೆಯ ಮ್ಯಾಂಗನೀಸ್ ಅಯಾನುಗಳ ಪ್ರಮಾಣವನ್ನು ಅವಲಂಬಿಸಿದೆ. ಸಂಧಿತಲದಲ್ಲಿ ಒಂದು ಆಮ್ಲಜನಕ ಪರಮಾಣು ತಪ್ಪಿದರೂ, ಜಾಲಕ ತುಸು ಹಿಗ್ಗಿದರೂ ಆ ಪ್ರಮಾಣ ಕೆಡುತ್ತದೆ. ಪರಿಣಾಮವಾಗಿ ಕೆಲವು ಪರಮಾಣು ಸಾಲುಗಳಷ್ಟು ದಪ್ಪದ 'ಮೃತ ಪದರ' ಉಂಟಾಗುತ್ತದೆ. ಟನಲಿಂಗ್‌ಗೆ ಲೆಕ್ಕಕ್ಕೆ ಬರುವುದು ಆ ಸಾಲುಗಳೇ. ಈ ಕಾರಣದಿಂದ ಮ್ಯಾಂಗನೈಟ್ ಜಂಕ್ಷನ್‌ಗಳು ಪ್ರಯೋಗಾಲಯದಲ್ಲಿಯೇ ಉಳಿದವು, ಡಿಸ್ಕ್‌ಗಳಿಗೆ ಬರಲಿಲ್ಲ.

ಅತಿವಾಹಕ ಜಂಕ್ಷನ್‌ಗಳು ಮತ್ತು ವೋಲ್ಟ್ ಅಳತೆ

ಕಾಂತೀಯ ಲೋಹಗಳ ಬದಲು ಎರಡು ಅತಿವಾಹಕಗಳ ನಡುವೆ ಆಕ್ಸೈಡ್ ಇರಿಸಿದರೆ ಅದು ಜೋಸೆಫ್‌ಸನ್ ಜಂಕ್ಷನ್. ಅತಿವಾಹಕವೆಂದರೆ ತಕ್ಕಷ್ಟು ಶೀತದಲ್ಲಿ ವಿದ್ಯುತ್ ರೋಧವನ್ನೇ ಕಳೆದುಕೊಳ್ಳುವ ವಸ್ತು. ಬ್ರಯಾನ್ ಜೋಸೆಫ್‌ಸನ್ ಅವರು 1962ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಇಂತಹ ಜಂಕ್ಷನ್‌ಗೆ ಗೊತ್ತಾದ ಆವರ್ತನದ ಸೂಕ್ಷ್ಮತರಂಗವನ್ನು ಹಾಯಿಸಿದರೆ ಅದು ಅತ್ಯಂತ ನಿಖರವಾದ ವೋಲ್ಟೇಜ್ ನೀಡುತ್ತದೆ. ಹಲವು ದೇಶಗಳ ರಾಷ್ಟ್ರೀಯ ಪ್ರಯೋಗಾಲಯಗಳು, ಅವುಗಳಲ್ಲಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಒಂದು, ವೋಲ್ಟ್‌ನ ಪ್ರಮಾಣವನ್ನು ಇದೇ ವಿಧಾನದಿಂದ ಇರಿಸಿಕೊಂಡಿವೆ. ಮನೆಯ ಅಥವಾ ಪಂಪ್‌ಸೆಟ್‌ನ ಮೀಟರ್ ಪರೀಕ್ಷಿಸುವ ಉಪಕರಣಗಳ ನಿಖರತೆಯ ಸರಪಳಿಯು ಮೇಲೆ ಹೋದಂತೆ ಇಂತಹ ಪ್ರಮಾಣವನ್ನೇ ತಲುಪುತ್ತದೆ.

ಹತ್ತು ವೋಲ್ಟ್ ಪಡೆಯಲು ಸಾವಿರಾರು ಜಂಕ್ಷನ್‌ಗಳನ್ನು ಒಂದೇ ಚಿಪ್ಪಿನ ಮೇಲೆ ಸಾಲಾಗಿ ಜೋಡಿಸಬೇಕಾಗುತ್ತದೆ. ಅವೆಲ್ಲವೂ ಒಂದೇ ರೀತಿ ಇರಬೇಕು. ನಿಯೋಬಿಯಂ ಲೋಹವು ಇದಕ್ಕೆ ಎಲ್ಲ ವಿಧದಲ್ಲೂ ಯೋಗ್ಯವಾಗಿದ್ದರೂ ಅದರ ಸ್ವಂತ ಆಕ್ಸೈಡ್ ಒಂದೇ ಬಗೆಯಾಗಿ ಬೆಳೆಯದು. ಸಂಧಿತಲದಲ್ಲಿ ಅರೆಬರೆ ಆಕ್ಸೈಡ್‌ಗಳು ಕಲೆತು ಸೋರಿಕೆಯಾಗುತ್ತಿತ್ತು. 1983ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ನಿಯೋಬಿಯಂ ಮೇಲೆ ಅತಿ ತೆಳುವಾದ ಅಲ್ಯೂಮಿನಿಯಂ ಹರಡಿ, ಆ ಅಲ್ಯೂಮಿನಿಯಂ ಅನ್ನು ಮಾತ್ರ ಆಕ್ಸೈಡ್ ಮಾಡುವ ಕ್ರಮವನ್ನು ಪ್ರಕಟಿಸಿದರು. ಅಲ್ಯೂಮಿನಿಯಂ ನಿಯೋಬಿಯಂನ ಮೈಯನ್ನು ಚೆನ್ನಾಗಿ ಮೆತ್ತಿಕೊಂಡು ಉಬ್ಬುತಗ್ಗುಗಳನ್ನು ಮುಚ್ಚುತ್ತದೆ. ಆ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಅತಿವಾಹಕವೇ ಆಕ್ಸೈಡ್ ಆಗಿರುವಾಗ ಕಷ್ಟ ಇಮ್ಮಡಿಸುತ್ತದೆ. ಯಿಟ್ರಿಯಂ, ಬೇರಿಯಂ ಮತ್ತು ತಾಮ್ರದ ಆಕ್ಸೈಡ್ ಸುಮಾರು 90 ಕೆಲ್ವಿನ್‌ನಲ್ಲಿಯೇ ಅತಿವಾಹಕವಾಗುವುದೆಂದು 1987ರಲ್ಲಿ ತಿಳಿದುಬಂದಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ರಾವ್ ಅವರ ತಂಡವೂ ಇದರ ಮೇಲೆ ಕೆಲಸ ಮಾಡಿ ಫಲಿತಾಂಶಗಳನ್ನು ಪ್ರಕಟಿಸಿತು. ಅಗ್ಗವಾದ ದ್ರವ ಸಾರಜನಕದಲ್ಲಿಯೇ ಕೆಲಸ ಮಾಡುವ ಜಂಕ್ಷನ್ ಎಲ್ಲೆಡೆ ಬರುವುದೆಂದು ಆಗ ನಿರೀಕ್ಷಿಸಲಾಗಿತ್ತು. ಆದರೆ ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಚಲಿಸುತ್ತವೆ. ಆ ಜೋಡಿಯ ಅಂತರ ಶುದ್ಧ ಅಲ್ಯೂಮಿನಿಯಂನಲ್ಲಿ ಸುಮಾರು 1,600 ನ್ಯಾನೋಮೀಟರ್ ಇದ್ದರೆ ಈ ತಾಮ್ರದ ಆಕ್ಸೈಡ್‌ಗಳಲ್ಲಿ ಒಂದೆರಡು ನ್ಯಾನೋಮೀಟರ್ ಮಾತ್ರ, ಒಂದು ದಿಕ್ಕಿನಲ್ಲಿ ಅದಕ್ಕಿಂತಲೂ ಕಡಿಮೆ. ಹೆದ್ದಾರಿಯ ಸಣ್ಣ ಗುಂಡಿಯನ್ನು ಲಾರಿಯ ಗಾಲಿ ಲೆಕ್ಕಿಸದೆ ದಾಟುತ್ತದೆ, ಮಕ್ಕಳ ಆಟದ ಬಂಡಿ ಅದರಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಗಮನಿಸದೆ ದಾಟುವ ಒಂದು ಪರಮಾಣು ಸಾಲಿನ ದೋಷವು ಇಲ್ಲಿ ಅತಿವಾಹಕತೆಯನ್ನೇ ಕೆಡಿಸುತ್ತದೆ. ಐಬಿಎಂ ಸಂಶೋಧಕರು 1988ರಲ್ಲಿ ತೋರಿಸಿದಂತೆ, ಎರಡು ಸ್ಫಟಿಕಗಳು ಒಂದಕ್ಕೊಂದು ಓರೆಯಾಗಿ ಸೇರಿದರೆ ಓರೆ ಹೆಚ್ಚಿದಂತೆ ಸಂಧಿಯು ಹೊರಬಲ್ಲ ಪ್ರವಾಹ ತೀವ್ರವಾಗಿ ಕುಸಿಯುತ್ತದೆ. ಹತ್ತು ಡಿಗ್ರಿ ಓರೆಗೆ ಅದು ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಕ್ವಾಂಟಂ ಗಣಕಯಂತ್ರಗಳಿಗಾಗಿ ತಯಾರಿಸುವ ಅಲ್ಯೂಮಿನಿಯಂ ಜಂಕ್ಷನ್‌ಗಳಲ್ಲಿಯೂ ಆಕ್ಸೈಡ್‌ನೊಳಗೆ ಮತ್ತು ಸಂಧಿತಲದಲ್ಲಿ ಎರಡು ನೆಲೆಗಳ ನಡುವೆ ಓಲಾಡುವ ಪರಮಾಣುಗಳು ಶಕ್ತಿಯನ್ನು ಹೀರಿ ಲೆಕ್ಕಾಚಾರವನ್ನು ಕೆಡಿಸುತ್ತವೆ. ಇಂತಹ ಸರ್ಕಿಟ್‌ಗಳಿಗೆ ತಳಹದಿಯಾದ 1980ರ ದಶಕದ ಪ್ರಯೋಗಗಳಿಗಾಗಿ ಜಾನ್ ಕ್ಲಾರ್ಕ್, ಮಿಷೆಲ್ ದೆವೊರೆ ಮತ್ತು ಜಾನ್ ಮಾರ್ಟಿನಿಸ್ ಅವರಿಗೆ 2025ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿ ನೀಡಲಾಯಿತು. ಭಾರತ ಸರ್ಕಾರವು 2023ರಲ್ಲಿ ಅನುಮೋದಿಸಿದ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲಿಯೂ ಅತಿವಾಹಕ ಜಂಕ್ಷನ್‌ಗಳ ತಯಾರಿಕೆಗೆ ಸ್ಥಾನವಿದೆ.

ಸಂಧಿತಲ ಕೆಟ್ಟರೆ ಉತಾರಕ್ಕೆ ಏನಾಗುತ್ತದೆ?

ಆರಂಭದ ಪ್ರಶ್ನೆಗೆ ಈಗ ಉತ್ತರಿಸಬಹುದು. ರೀಡ್ ಹೆಡ್‌ನ ಸಂಧಿತಲದಲ್ಲಿ ಅವ್ಯವಸ್ಥೆ ಇದ್ದರೆ ಸಂಕೇತ ಕ್ಷೀಣಿಸುತ್ತದೆ, ಗದ್ದಲ ಹೆಚ್ಚುತ್ತದೆ, 0 ಯಾವುದು 1 ಯಾವುದು ಎಂಬುದು ಅಸ್ಪಷ್ಟವಾಗುತ್ತದೆ. ಡಿಸ್ಕ್ ತಯಾರಕರು ಇದನ್ನು ಮೊದಲೇ ನಿರೀಕ್ಷಿಸಿರುತ್ತಾರೆ. ದತ್ತಾಂಶದ ಪ್ರತಿಯೊಂದು ತುಣುಕಿನ ಜೊತೆಗೆ ಅದರಿಂದಲೇ ಲೆಕ್ಕಹಾಕಿದ ತಾಳೆಯ ಸಂಕೇತಗಳನ್ನು ಬರೆದಿಡಲಾಗುತ್ತದೆ. ಜಮಾಖರ್ಚಿನ ಪುಟದ ಕೊನೆಯಲ್ಲಿ ಒಟ್ಟು ಮೊತ್ತ ಬರೆದಂತೆ ಇದು. ಓದಿದ ಅಂಕಿಗಳು ಮೊತ್ತಕ್ಕೆ ತಾಳೆಯಾಗದಿದ್ದರೆ ಯಂತ್ರ ತಾನೇ ಸರಿಪಡಿಸುತ್ತದೆ ಅಥವಾ ಮತ್ತೆ ಓದುತ್ತದೆ. ಅದೂ ಆಗದಿದ್ದರೆ ಓದಲಾಗಲಿಲ್ಲವೆಂದು ವರದಿ ಮಾಡುತ್ತದೆ. ಸಾಮಾನ್ಯ ಡಿಸ್ಕ್‌ಗಳಲ್ಲಿ ಇಂತಹ ಓದಲಾಗದ ಪ್ರಸಂಗ 10ರ ಮೇಲೆ 14 ಘಾತದಷ್ಟು ಬಿಟ್‌ಗಳಿಗೆ, ಅಂದರೆ ಸುಮಾರು 12.5 ಟೆರಾಬೈಟ್‌ಗೆ, ಒಂದಕ್ಕಿಂತ ಹೆಚ್ಚಿರಬಾರದೆಂಬುದು ತಯಾರಕರು ಘೋಷಿಸುವ ಮಿತಿ. ಸರ್ವರ್‌ಗಳ ಡಿಸ್ಕ್‌ಗಳಿಗೆ ಮಿತಿ ಇನ್ನೂ ಕಟ್ಟುನಿಟ್ಟು. ಅದರ ಮೇಲೆ ಒಂದೇ ದಾಖಲೆಯನ್ನು ಹಲವು ಡಿಸ್ಕ್‌ಗಳಲ್ಲಿ ಇರಿಸುವ ಪದ್ಧತಿಯೂ ಇದೆ.

ಪತ್ತೆಯಾಗದೆ ನುಸುಳುವ ಯಾಂತ್ರಿಕ ದೋಷದ ಸಂಭವ ಸಂಪೂರ್ಣ ಶೂನ್ಯವೆಂದು ಹೇಳಲಾಗದು. ಆದರೆ ಹಾಗೆ ನುಸುಳಿದ ದೋಷ ಅರ್ಥವಿಲ್ಲದ ಚಿಹ್ನೆಗಳಾಗಿ, ತುಂಡಾದ ಪುಟವಾಗಿ ಅಥವಾ ತೆರೆಯದ ಕಡತವಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. 'ಬಸಪ್ಪ' ಎಂಬ ಹೆಸರು 'ಬಸವ್ವ' ಎಂದು, ಕಾಗುಣಿತ ತಪ್ಪದೆ, ಸರಿಯಾದ ಕಾಲಂನಲ್ಲಿಯೇ ಬದಲಾಗಿದ್ದರೆ ಅದು ಟನಲ್ ಜಂಕ್ಷನ್‌ನ ಕೆಲಸವಾಗಿರುವ ಸಂಭವ ಇಲ್ಲವೆಂದೇ ತಿಳಿಯಬಹುದು. ಅದು ಕೈಬರಹದ ವಹಿಯಿಂದ ದಾಖಲಿಸುವಾಗ, ಅಥವಾ ನಂತರದ ಮ್ಯುಟೇಶನ್ ನಮೂದಿಸುವಾಗ, ಮನುಷ್ಯರ ಕೈಯಿಂದ ಆದ ತಪ್ಪು. ವಿಸ್ತೀರ್ಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಾಲಂ 3ರಲ್ಲಿರುವ ಜಮೀನಿನ ವಿಸ್ತೀರ್ಣಕ್ಕೂ ಕಾಲಂ 9ರಲ್ಲಿ ಖಾತೆದಾರರ ಹೆಸರಿನ ಮುಂದಿರುವ ವಿಸ್ತೀರ್ಣಗಳ ಮೊತ್ತಕ್ಕೂ ತಾಳೆಯಾಗದಿರುವುದು ರಾಜ್ಯದಾದ್ಯಂತ ಕಂಡುಬಂದಿರುವ ಸಮಸ್ಯೆ. ಅದರ ಮೂಲವೂ ನಮೂದುಗಳಲ್ಲಿಯೇ ಇದೆ.

ಈ ವ್ಯತ್ಯಾಸ ತಿಳಿದಿರುವುದು ಅರ್ಜಿದಾರರಿಗೆ ಏಕೆ ಮುಖ್ಯವೆಂದರೆ, ಯಂತ್ರದ ದೋಷವಾದರೆ ಮತ್ತೊಮ್ಮೆ ಮುದ್ರಿಸಿದಾಗ ಅಥವಾ ಇನ್ನೊಂದು ಪ್ರತಿಯಿಂದ ಓದಿದಾಗ ಸರಿಹೋಗುತ್ತದೆ. ನಮೂದಿನ ತಪ್ಪು ಎಷ್ಟು ಬಾರಿ ಮುದ್ರಿಸಿದರೂ ಹಾಗೆಯೇ ಬರುತ್ತದೆ. ಹೊಸ ಸರ್ವರ್ ಬಂದರೂ ಅದು ತಾನಾಗಿ ಸರಿಹೋಗುವುದಿಲ್ಲ. ಬೆಳೆಸಾಲದ ಸಮಯದಲ್ಲಿ ಅಥವಾ ಹಿರಿಯರು ತೀರಿಕೊಂಡು ವಾರಸಾ ಆಗಬೇಕಾದಾಗ ತಪ್ಪು ಗಮನಕ್ಕೆ ಬಂದರೆ ತಿಂಗಳುಗಟ್ಟಲೆ ಕಾಲ ವ್ಯರ್ಥವಾಗುತ್ತದೆ.

ಆದುದರಿಂದ ಖಾತೆದಾರರು ಉತಾರ ಪಡೆದ ಕೂಡಲೇ ರಿ.ಸ. ನಂಬರು ಮತ್ತು ಹಿಸ್ಸಾ, ಕಾಲಂ 3ರ ವಿಸ್ತೀರ್ಣ, ಕಾಲಂ 9ರ ಹೆಸರು ಮತ್ತು ವಿಸ್ತೀರ್ಣ, ಕಾಲಂ 11ರ ಸಾಲದ ವಿವರ ಇವುಗಳನ್ನು ಓದಿ ನೋಡತಕ್ಕದ್ದು. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿಕೊಳ್ಳಬಹುದು. ತಪ್ಪು ಕಂಡುಬಂದಲ್ಲಿ ಸಂಬಂಧಪಟ್ಟ ತಾಲ್ಲೂಕಿನ ತಹಶೀಲ್ದಾರರಿಗೆ ತಿದ್ದುಪಡಿಗಾಗಿ ಲಿಖಿತ ಅರ್ಜಿ ಸಲ್ಲಿಸಬೇಕು. ಹಳೆಯ ಕೈಬರಹದ ಉತಾರದ ನಕಲು, ಸಂಬಂಧಿತ ಮ್ಯುಟೇಶನ್ ಅಥವಾ ಡೈರಿ ನಕಲು, ಆಕಾರಬಂದ್ ನಕಲು ಮತ್ತು ನೋಂದಾಯಿತ ಪತ್ರವಿದ್ದಲ್ಲಿ ಅದರ ನಕಲು ಲಗತ್ತಿಸಿದರೆ ಪರಿಶೀಲನೆಗೆ ಅನುಕೂಲವಾಗುತ್ತದೆ. ಅಣ್ಣಿಗೇರಿ ತಾಲ್ಲೂಕಿನ ಗ್ರಾಮಗಳು ಹಿಂದೆ ನವಲಗುಂದ ತಾಲ್ಲೂಕಿಗೆ ಸೇರಿದ್ದುದರಿಂದ ಹಳೆಯ ವಹಿಗಳ ಮೇಲೆ ನವಲಗುಂದ ತಾಲ್ಲೂಕು ಎಂದೇ ಬರೆದಿರುತ್ತದೆ. ಅರ್ಜಿಯಲ್ಲಿ ಹಳೆಯ ಮತ್ತು ಈಗಿನ ತಾಲ್ಲೂಕು ಎರಡನ್ನೂ ನಮೂದಿಸುವುದು ಒಳಿತು. ಮ್ಯುಟೇಶನ್ ಕುರಿತ ಆದೇಶದಿಂದ ಬಾಧಿತರಾದವರು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 136(2)ರ ಅಡಿಯಲ್ಲಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದಾಗಿರುತ್ತದೆ. ಅರ್ಜಿಯಲ್ಲಿ ತಪ್ಪಿನ ಕಾರಣವನ್ನು "ಕಂಪ್ಯೂಟರ್ ದೋಷ" ಎಂದಷ್ಟೇ ಬರೆಯದೆ, ಯಾವ ವರ್ಷದ ಉತಾರದವರೆಗೆ ಸರಿಯಿತ್ತು, ಯಾವ ವರ್ಷದಿಂದ ಬದಲಾಗಿದೆ ಎಂಬುದನ್ನು ಕಾಲಂ ಸಂಖ್ಯೆಯೊಂದಿಗೆ ಬರೆಯುವುದು.